ಕಾನ್‌ಫ್ರಾಂಕ್ ನಿಲ್ದಾಣ

ಪಿರನೀಸ್ ಪರ್ವತಶ್ರೇಣಿಯ ದಕ್ಷಿಣ ಪಾರ್ಶ್ವದಲ್ಲಿ, ಫ್ರಾನ್ಸಿನ ಗಡಿಗೆ ಸಮೀಪವಾಗಿ, ಸ್ಪೇನ್ ದೇಶದ ಇಕ್ಕಟ್ಟಾದ ಕಣಿವೆಯೊಂದರಲ್ಲಿ 241 ಮೀಟರು ಉದ್ದಕ್ಕೆ ಚಾಚಿಕೊಂಡು ನಿಂತಿರುವ ಕಾನ್‌ಫ್ರಾಂಕ್ ರೈಲುನಿಲ್ದಾಣವನ್ನು ಯಾವನೋ ಅರಸನ ಗ್ರೀಷ್ಮಪ್ರಾಸಾದವೆಂದು ಬಗೆಯುವವನನ್ನು ನಾವು ಹಳಿಯಲಾಗದು. ಆದರೆ ಆ ದೀರ್ಘತೆ ಕೇವಲ ಆಡಂಬರವಲ್ಲ. ಸ್ಪೇನಿನ ಹಳಿಗಳು ಫ್ರಾನ್ಸಿನವಕ್ಕಿಂತ 20 ಸೆಂಟಿಮೀಟರಿಗೂ ಮಿಕ್ಕಿ ಅಗಲವಾದುದರಿಂದ, ಒಂದು ದೇಶದ ಗಾಡಿ ಇನ್ನೊಂದರೊಳಗೆ ಸಾಗುವಂತಿರಲಿಲ್ಲ. ಸೌಧದ ಒಂದು ಮಗ್ಗುಲಿಗೆ ಫ್ರೆಂಚ್ ಗಾಡಿಯೂ ಮತ್ತೊಂದಕ್ಕೆ ಸ್ಪೇನಿನ ಗಾಡಿಯೂ ಬಂದು ನಿಲ್ಲಲು, ನಡುವಣ ಹಜಾರಗಳಲ್ಲಿ ಉಭಯರಾಷ್ಟ್ರಗಳ ಸುಂಕದವರ ತಪಾಸಣೆಗೆ ಒಳಗಾಗಿ ಪ್ರಯಾಣಿಕರು ಗಾಡಿ ಬದಲಿಸಬೇಕಾಗಿತ್ತು. ಅನಾನುಕೂಲತೆಯೊಂದನ್ನು ಇಷ್ಟು ಘನತೆಯಿಂದ ಅಲಂಕರಿಸಿದ ಶಿಲ್ಪಿಗಳು ವಿರಳ! ಕಮಾನುಗಳ ಪಂಕ್ತಿಯೂ ಕಿಟಕಿಗಳ ಸಾಲೂ ಹಿಂದಣ ಪರ್ವತದ ಔನ್ನತ್ಯಕ್ಕೆ ಅಂಜದೆ, ಅದರೊಡನೆ ಸ್ಪರ್ಧಿಸಲೂ ಹೋಗದೆ, ತಮ್ಮ ಸಮತಲ ಗಾಂಭೀರ್ಯದಲ್ಲಿಯೇ ತೃಪ್ತವಾಗಿವೆ.

1928ರ ಜುಲೈ 18ರಂದು ಸ್ಪೇನಿನ ದೊರೆ ಹದಿಮೂರನೆಯ ಅಲ್ಫಾನ್ಸೊ ಮತ್ತು ಫ್ರೆಂಚ್ ಅಧ್ಯಕ್ಷ ಡೂಮರ್ಗ್ ಇದನ್ನು ಉದ್ಘಾಟಿಸಿದರು. ನಿರೀಕ್ಷಿಸಿದ ವಾಣಿಜ್ಯವು ಎಂದೂ ಬರಲಿಲ್ಲ. 1970ರಲ್ಲಿ ಫ್ರಾನ್ಸಿನ ಕಡೆ ಹಳಿತಪ್ಪಿದ ಸರಕುಗಾಡಿಯೊಂದು ಸೇತುವೆಯನ್ನು ಕೆಡವಲು, ಗಡಿದಾಟುವ ಸಂಚಾರವೇ ನಿಂತುಹೋಯಿತು. ಬಹುಕಾಲ ಪಾಳುಬಿದ್ದಿದ್ದ ಈ ಸೌಧದಲ್ಲಿ 2023ರಿಂದ ಹೋಟೆಲೊಂದು ನಡೆಯುತ್ತಿದೆ. ಸ್ಪೇನಿನ ಗಾಡಿಗಳು ಪಕ್ಕದ ಹೊಸ ನಿಲ್ದಾಣಕ್ಕೆ ಬಂದು ಹಿಂದಿರುಗುತ್ತವೆ.