ಬೆಂಗೆಲರ ಲೆಕ್ಕ, ಬೆಂಗೆಲರ ನಿಯಮ: ಪ್ರಕಟನೆ ಗ್ರಂಥದ ಕಾಲಗಣನೆಯ ವಿಮರ್ಶೆ

ಕ್ರಿಸ್ತನ ಪುನರಾಗಮನದ ಕಾಲವನ್ನು ಗಣಿಸಲು ಹೊರಟವರೆಲ್ಲರೂ ಅಲ್ಪಜ್ಞರು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ನಮಗೆ ನೆಮ್ಮದಿ ಕೊಡುತ್ತದೆ. ಆದರೆ ಇತಿಹಾಸವು ಅದನ್ನು ಸಮರ್ಥಿಸುವುದಿಲ್ಲ. ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲರು (1687–1752) ತಮ್ಮ ಶತಮಾನದ ಅತ್ಯಂತ ಎಚ್ಚರಿಕೆಯ ವೇದಪಂಡಿತರಲ್ಲೊಬ್ಬರು. 1734ರಲ್ಲಿ ಅವರು ಪ್ರಕಟಿಸಿದ ಗ್ರೀಕ್ ಹೊಸ ಒಡಂಬಡಿಕೆಯು ಪಾಠಾಂತರ ವಿಮರ್ಶೆಗೆ ಶಾಸ್ತ್ರೀಯ ಬುನಾದಿ ಹಾಕಿದ ಕೃತಿಗಳಲ್ಲಿ ಒಂದು. ಸುಲಭವಾದ ಪಾಠಕ್ಕಿಂತ ಕಠಿಣವಾದ ಪಾಠವೇ ಗ್ರಾಹ್ಯ ಎಂಬ ನಿಯಮವನ್ನು ನಾವು ಇಂದಿಗೂ ತರಗತಿಗಳಲ್ಲಿ ಕಲಿಸುತ್ತೇವೆ. ಅದನ್ನು ರೂಪಿಸಿದವರು ಅವರೇ. 1742ರ ಅವರ ‘ಗ್ನೋಮೊನ್’ ವ್ಯಾಖ್ಯಾನವು ಮಿತವಚನಕ್ಕೂ ಸೂಕ್ಷ್ಮದೃಷ್ಟಿಗೂ ಹೆಸರಾಗಿದೆ. ಇಂತಹ ವಿದ್ವಾಂಸರೇ 1740ರಲ್ಲಿ ಪ್ರಕಟನೆ ಗ್ರಂಥಕ್ಕೆ ಜರ್ಮನ್ ಭಾಷೆಯಲ್ಲಿ ವ್ಯಾಖ್ಯಾನ ಬರೆದು, ಸಹಸ್ರವರ್ಷದ ಆಳ್ವಿಕೆಯ ಆರಂಭವನ್ನು 1836ನೆಯ ಇಸವಿಗೆ ನಿಗದಿಮಾಡಿದರು. ಇಷ್ಟು ಬಲ್ಲವರು ಎಡವಿದ್ದು ಎಲ್ಲಿ ಎಂಬುದೇ ನಮ್ಮ ಪ್ರಶ್ನೆ.

ಅವರ ವಾದದ ಸರಣಿ ಹೀಗಿದೆ. ಪ್ರಕಟನೆ 13:5ರಲ್ಲಿ ಮೃಗಕ್ಕೆ 42 ತಿಂಗಳುಗಳ ಅಧಿಕಾರವಿದೆ. 13:18ರಲ್ಲಿ ಮೃಗದ ಸಂಖ್ಯೆ 666 ಎಂದಿದೆ. ಇವೆರಡೂ ಒಂದೇ ಅವಧಿಯ ಎರಡು ಅಳತೆಗಳು, ಮೊದಲನೆಯದು ಪ್ರವಾದನೆಯ ತಿಂಗಳುಗಳಲ್ಲಿ, ಎರಡನೆಯದು ಸಾಮಾನ್ಯ ವರ್ಷಗಳಲ್ಲಿ ಎಂದು ಬೆಂಗೆಲರು ತಿಳಿದರು. 666ನ್ನು 42ರಿಂದ ಭಾಗಿಸಿದಾಗ ಪ್ರವಾದನೆಯ ಒಂದು ತಿಂಗಳಿಗೆ ಸುಮಾರು 15 ವರ್ಷ ಹತ್ತು ತಿಂಗಳು ಬಂದಿತು. ಒಂದು ದಿನಕ್ಕೆ ಸುಮಾರು ಅರ್ಧ ವರ್ಷ. ಬಳಿಕ 666ನ್ನು ಕೊಂಚ ತಿದ್ದಿ 666⅔ ಎಂದು ಮಾಡಿ, ಅದರ ಮೂರನೆಯ ಒಂದು ಪಾಲನ್ನು, ಅಂದರೆ 222 ವರ್ಷಗಳಿಗೆ ತುಸು ಮಿಕ್ಕಿದ ಅವಧಿಯನ್ನು, ಒಂದು ‘ಕಾಲ’ವೆಂದು ಗೊತ್ತುಮಾಡಿದರು. ಪ್ರಕಟನೆ 12:14ರಲ್ಲಿ ಸ್ತ್ರೀಯು ಅಡವಿಯಲ್ಲಿ ಪೋಷಿಸಲ್ಪಡುವ ಮೂರೂವರೆ ಕಾಲ ಆಗ ಸುಮಾರು 778 ವರ್ಷಗಳಾಗುತ್ತದೆ. ಅದನ್ನು 1058ರಿಂದ ಎಣಿಸಿದರೆ 1836 ದೊರಕುತ್ತದೆ. ಅವರು ಆ ವರ್ಷಕ್ಕೆ ಗೊತ್ತುಮಾಡಿದ್ದು ಲೋಕಾಂತ್ಯವನ್ನಲ್ಲ, ಮೃಗದ ಪತನವನ್ನು ಎಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು.

ಈ ಗಣಿತದಲ್ಲಿ ತಪ್ಪಿಲ್ಲ. ತಪ್ಪಿರುವುದು ಗಣಿತ ಆರಂಭವಾಗುವ ಮೊದಲಿನ ಹೆಜ್ಜೆಯಲ್ಲಿ. ವ್ಯಾಖ್ಯಾನಕಾರನು ವೇದಪಾಠದೊಳಕ್ಕೆ ಏನನ್ನೂ ತರಬಾರದು, ಅದರಲ್ಲಿರುವ ಯಾವುದನ್ನೂ ಬಿಡಬಾರದು ಎಂಬುದು ಬೆಂಗೆಲರದೇ ನಿಯಮ. ಆ ನಿಯಮದಿಂದಲೇ ಅವರ ಲೆಕ್ಕವನ್ನು ಅಳೆದು ನೋಡೋಣ. 666 ವರ್ಷಗಳ ಸಂಖ್ಯೆ ಎಂದು ಯೋಹಾನನು ಎಲ್ಲಿಯೂ ಹೇಳಿಲ್ಲ. ಅದು ಮೃಗದ ಹೆಸರಿನ ಸಂಖ್ಯೆ, ಮನುಷ್ಯನ ಸಂಖ್ಯೆ ಎಂದಿದ್ದಾನೆ. ವರ್ಷವೆಂಬ ಅರ್ಥವನ್ನು ಹೊರಗಿನಿಂದ ತರಲಾಗಿದೆ. ಇನ್ನು 12ನೆಯ ಅಧ್ಯಾಯದಲ್ಲಿ ಸ್ತ್ರೀಯ ಅಡವಿವಾಸವನ್ನು ಆರನೆಯ ವಚನವು 1260 ದಿನಗಳೆಂದೂ ಹದಿನಾಲ್ಕನೆಯ ವಚನವು ಮೂರೂವರೆ ಕಾಲವೆಂದೂ ಹೇಳುತ್ತದೆ. ಅದೇ ಸ್ತ್ರೀ, ಅದೇ ಅಡವಿ, ಅದೇ ಪೋಷಣೆ. ಆದರೂ ಬೆಂಗೆಲರ ಪದ್ಧತಿಯಲ್ಲಿ ಇವು ಬೇರೆಬೇರೆ ಉದ್ದದ ಎರಡು ಅವಧಿಗಳಾಗುತ್ತವೆ. ಪಾಠದಲ್ಲಿರುವ ಐಕ್ಯವನ್ನು ಇಲ್ಲಿ ಬಿಡಲಾಗಿದೆ. ಹೀಗೆ ನಿಯಮದ ಎರಡು ಭಾಗಗಳೂ ಮುರಿದಿವೆ.

ಅಳತೆಗೋಲು ಪಾಠದಿಂದ ಬಾರದಿದ್ದರೆ ಅದು ಓದುಗನ ಕೈಯಿಂದ ಬರುತ್ತದೆ. ಅಮೆರಿಕದ ವಿಲಿಯಂ ಮಿಲ್ಲರರು ಅರಣ್ಯಕಾಂಡ 14:34 ಮತ್ತು ಯೆಹೆಜ್ಕೇಲ 4:6ನ್ನು ಆಧಾರಮಾಡಿಕೊಂಡು ಒಂದು ದಿನಕ್ಕೆ ಒಂದು ವರ್ಷ ಎಂದು ಎಣಿಸಿದರು; ದಾನಿಯೇಲ 8:14ರ 2300 ದಿನಗಳನ್ನು ಕ್ರಿ.ಪೂ. 457ರಿಂದ ಲೆಕ್ಕಹಾಕಿ 1843–44ಕ್ಕೆ ಬಂದರು. ಬೆಂಗೆಲರಿಗೆ ಒಂದು ದಿನ ಅರ್ಧ ವರ್ಷ, ಮಿಲ್ಲರರಿಗೆ ಪೂರ್ಣ ವರ್ಷ. ವಿಶೇಷವೆಂದರೆ, ಇಬ್ಬರ ಲೆಕ್ಕವೂ ಅವರವರ ಹತ್ತಿರದ ಕಾಲಕ್ಕೇ ಬಂದು ನಿಲ್ಲುತ್ತದೆ. ಇದನ್ನು ಆಕಸ್ಮಿಕವೆಂದು ನಾವು ಭಾವಿಸಲಾರೆವು.

ಹಾಗಾದರೆ ಈ ಸಂಖ್ಯೆಗಳಿಗೆ ಅರ್ಥವಿಲ್ಲವೇ? ಇದೆ. 42 ತಿಂಗಳು, 1260 ದಿನ, ಮೂರೂವರೆ ಕಾಲ ಇವೆಲ್ಲವೂ ದಾನಿಯೇಲ 7:25 ಮತ್ತು 12:7ರಿಂದ ಬಂದವು. ಎಲೀಯನ ದಿನಗಳ ಬರಗಾಲವನ್ನೂ ಲೂಕ 4:25 ಮತ್ತು ಯಾಕೋಬ 5:17 ಇದೇ ಅಳತೆಯಲ್ಲಿ ಹೇಳುತ್ತವೆ. ಏಳು ಪೂರ್ಣತೆಯ ಸಂಖ್ಯೆ. ಮೂರೂವರೆ ಅದರ ಅರ್ಧ. ಹಿಂಸೆಯ ಕಾಲವು ಎಂದಿಗೂ ಪೂರ್ಣತೆಗೆ ಮುಟ್ಟಲಾರದು, ಅದಕ್ಕೆ ಮೇರೆಯಿದೆ, ಆ ಮೇರೆಯನ್ನು ಹಾಕಿದವನು ಮೃಗವಲ್ಲ, ದೇವರು ಎಂಬುದೇ ಈ ಅಳತೆಯ ಸಂದೇಶ. ಆಸ್ಯಸೀಮೆಯ ಏಳು ಸಭೆಗಳಲ್ಲಿ ಇದನ್ನು ಮೊದಲು ಕೇಳಿದವರಿಗೆ 1836 ಎಂಬ ಉತ್ತರದಿಂದ ಯಾವ ಪ್ರಯೋಜನವಿತ್ತು? ಅವರ ಸಂಕಟಕ್ಕೆ ಕೊನೆಯುಂಟು ಎಂಬ ಉತ್ತರದಿಂದ ಅವರು ಬದುಕಿದರು.

ಮಾರ್ಕ 13:32 ಮತ್ತು ಅಪೊಸ್ತಲರ ಕೃತ್ಯಗಳು 1:7 ಬೆಂಗೆಲರಿಗೆ ತಿಳಿಯದೇ ಇರಲಿಲ್ಲ. ಕರ್ತನು ಆ ಮಾತುಗಳನ್ನಾಡಿದಾಗ ಕಾಲವು ಮರೆಯಾಗಿತ್ತು, ಪ್ರಕಟನೆ ಗ್ರಂಥವು ಕೊಡಲ್ಪಟ್ಟ ಮೇಲೆ ಅದು ತೆರೆಯಲ್ಪಟ್ಟಿತು ಎಂಬುದು ಆ ಪಂಥದ ಸಮಾಧಾನ. ಈ ಉತ್ತರ ಜಾಣತನದ್ದು, ಆದರೆ ನಿಲ್ಲಲಾರದು. ಏಕೆಂದರೆ ಪ್ರಕಟನೆ ಗ್ರಂಥವೇ 3:3 ಮತ್ತು 16:15ರಲ್ಲಿ ಕರ್ತನ ಬರೋಣವನ್ನು ಕಳ್ಳನ ಬರುವಿಕೆಗೆ ಹೋಲಿಸಿ, ಎಚ್ಚರವಾಗಿರುವಂತೆ ಸಭೆಗೆ ಆಜ್ಞಾಪಿಸುತ್ತದೆ. ಕಾಲವನ್ನು ತೆರೆದು ತೋರಿಸಲು ಬಂದ ಗ್ರಂಥವು ಹೀಗೆ ಹೇಳುವುದಿಲ್ಲ. ಆಗಸ್ಟೀನನು ‘ದೇವರ ನಗರ’ದ ಹದಿನೆಂಟನೆಯ ಪುಸ್ತಕದಲ್ಲಿ ತನ್ನ ಕಾಲದ ಗಣಕರಿಗೆ ಅಪೊಸ್ತಲರ ಕೃತ್ಯಗಳ ಅದೇ ವಾಕ್ಯವನ್ನು ನೆನಪಿಸಿದ್ದನು.

ಇದು ಕೇವಲ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. ಬೆಂಗೆಲರ ನಿರೀಕ್ಷೆಯು ವುರ್ಟೆಂಬರ್ಗಿನ ಭಕ್ತಿಪಂಥದ ಮನೆಮನೆಗಳಿಗೆ ಇಳಿಯಿತು. 1816ರ ಬೆಳೆನಾಶ, ಹಸಿವು, ರಾಜ್ಯಸಭೆಯ ಹೊಸ ಆರಾಧನಾಕ್ರಮದ ಮೇಲಿನ ಅಸಮಾಧಾನ ಇವುಗಳ ಜೊತೆಗೆ ಅಂತ್ಯಕಾಲದ ಆಶ್ರಯಸ್ಥಾನವು ಪೂರ್ವದಿಕ್ಕಿನಲ್ಲಿದೆ ಎಂಬ ನಂಬಿಕೆಯೂ ಸೇರಿ, 1817ರ ಸುಮಾರಿಗೆ ಸಾವಿರಾರು ಜನರು ದಕ್ಷಿಣ ರಷ್ಯಕ್ಕೂ ಕಾಕಸಸ್ ಸೀಮೆಗೂ ಹೊರಟರು. ದಾರಿಯಲ್ಲಿ ರೋಗದಿಂದ ಅನೇಕರು ಸತ್ತರು. ಗ್ರಂಥಾಲಯದಲ್ಲಿ ಹುಟ್ಟಿದ ಲೆಕ್ಕವು ಬಡವರ ಪ್ರಯಾಣದ ಭಾಗವಾಯಿತು. ವ್ಯಾಖ್ಯಾನಕಾರರ ಹೊಣೆ ಎಷ್ಟು ದೊಡ್ಡದೆಂದು ಇದರಿಂದ ತಿಳಿಯುತ್ತದೆ.

ಬೆಂಗೆಲರಲ್ಲಿ ಮೆಚ್ಚತಕ್ಕ ಗುಣವೊಂದಿದೆ. 1836 ಯಾವ ಬದಲಾವಣೆಯೂ ಇಲ್ಲದೆ ಕಳೆದರೆ ತಮ್ಮ ಪದ್ಧತಿಯಲ್ಲಿ ದೊಡ್ಡ ದೋಷವಿರಬೇಕು, ಅದನ್ನು ಹುಡುಕಬೇಕು ಎಂದು ಅವರೇ ಬರೆದಿಟ್ಟಿದ್ದರು. ವರ್ಷ ಕಳೆದ ಮೇಲೆ ಘಟನೆಯನ್ನು ಅದೃಶ್ಯಲೋಕಕ್ಕೆ ಸಾಗಿಸುವ ಉಪಾಯಕ್ಕೆ ಅವರು ಎಡೆಗೊಡಲಿಲ್ಲ. ‘ಗ್ನೋಮೊನ್’ಗೆ ಬಹಳ ಋಣಿಯಾಗಿದ್ದ ಜಾನ್ ವೆಸ್ಲಿಯವರು 1788ರ ಪತ್ರವೊಂದರಲ್ಲಿ, 1836 ಬೆಂಗೆಲರ ಅಭಿಪ್ರಾಯ, ಈ ವಿಷಯದಲ್ಲಿ ತಮಗೆ ಸ್ವಂತ ಅಭಿಪ್ರಾಯವಿಲ್ಲ, ತಮ್ಮ ಕೆಲಸ ಆತ್ಮಗಳ ರಕ್ಷಣೆ ಎಂದು ಸ್ಪಷ್ಟಪಡಿಸಿದರು. ಗುರುವಿನಿಂದ ಯಾವುದನ್ನು ಕಲಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಇದು.

ಈ ಕಥೆ ನಮಗೆ ದೂರದ್ದಲ್ಲ. ಬಾಸೆಲ್ ಮಿಶನ್ನಿನ ಹಿಂದೆ ನಿಂತದ್ದು ಇದೇ ವುರ್ಟೆಂಬರ್ಗಿನ ಭಕ್ತಿಪಂಥ. ಅದರ ಮೊದಲ ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ವುರ್ಟೆಂಬರ್ಗಿನವರೇ ಆದ ಹೆರ್ಮನ್ ಮೊಗ್ಲಿಂಗರು ಬಂದದ್ದು 1836ರಲ್ಲಿ, ಬೆಂಗೆಲರು ಗೊತ್ತುಮಾಡಿದ ಅದೇ ವರ್ಷ. ಮೃಗವು ಬೀಳಲಿಲ್ಲ, ಸಹಸ್ರವರ್ಷ ತೊಡಗಲಿಲ್ಲ, ಕೆಲಸವೂ ನಿಲ್ಲಲಿಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟಿತು. 1853ರಲ್ಲಿ ಬಂದ ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಯಿತು. ಕರ್ತನು ಬೇಗ ಬರುತ್ತಾನೆಂದು ಪ್ರಾರ್ಥಿಸುತ್ತಿದ್ದ ಮಿಶನ್ನೇ ದಶಕಗಳ ತಾಳ್ಮೆ ಬೇಡುವ ಕೆಲಸಕ್ಕೆ ಕೈಹಾಕಿತು. ತಾರೀಖು ಬಿದ್ದುಹೋದರೂ ನಿರೀಕ್ಷೆ ಉಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಯುದ್ಧದ ಸುದ್ದಿ ಬಂದಾಗಲೆಲ್ಲ ಸಭೆಯವರು ಸಭಾಪಾಲಕರನ್ನು ಕೇಳುತ್ತಾರೆ: ಅಯ್ಯನವರೇ, ಅಂತ್ಯ ಬಂದಿತೇ? ಒಂದು ವರ್ಷವನ್ನು ಹೆಸರಿಸುವುದು ಸುಲಭದ ಉತ್ತರ. ಕೇಳಿದವರನ್ನು ನೋಡಿ ನಗುವುದು ಅದಕ್ಕಿಂತ ಸುಲಭ. ಅದರಿಂದ ನಿರೀಕ್ಷೆಯೇ ಸಾಯುತ್ತದೆ. ಕಠಿಣವಾದ ಪಾಠವನ್ನೇ ಆರಿಸಿಕೊಳ್ಳಬೇಕೆಂದು ಬೆಂಗೆಲರು ಹಸ್ತಪ್ರತಿಗಳ ವಿಷಯದಲ್ಲಿ ಕಲಿಸಿದರು. ಪ್ರಸಂಗಪೀಠದ ವಿಷಯದಲ್ಲಿಯೂ ನಾವು ಅದನ್ನೇ ಆರಿಸಿಕೊಳ್ಳಬೇಕಾಗಿದೆ: ಕರ್ತನು ನಿಶ್ಚಯವಾಗಿ ಬರುತ್ತಾನೆ, ಯಾವಾಗ ಎಂಬುದು ನಮಗೆ ಕೊಡಲ್ಪಟ್ಟಿಲ್ಲ, ಅದುವರೆಗೆ ಮಾಡಬೇಕಾದ ಕೆಲಸ ಮಾತ್ರ ಕೊಡಲ್ಪಟ್ಟಿದೆ.