ಅರೆ ಸೀಟಿನ ನ್ಯಾಯ

ಜನಸಂಖ್ಯೆಗೆ ತಕ್ಕಷ್ಟು ಸೀಟು ಎಂಬ ತತ್ವಕ್ಕೆ ತಕರಾರು ಕಡಿಮೆ. ತಕರಾರು ಏಳುವುದು ಭಾಗಾಕಾರ ಮುಗಿದ ಮೇಲೆ. ಒಂದು ರಾಜ್ಯದ ಪಾಲಿಗೆ 7.6 ಸೀಟು ಬಂದರೆ ಆ 0.6 ಯಾರಿಗೆ? ಅಮೆರಿಕದ ಜನಪ್ರತಿನಿಧಿ ಸಭೆ ಈ ಪ್ರಶ್ನೆಗೆ ಹಲವು ಸಲ ಸೂತ್ರ ಬದಲಿಸಿದೆ. 1792ರಲ್ಲಿ ಜಾರ್ಜ್ ವಾಷಿಂಗ್ಟನ್ ಚಲಾಯಿಸಿದ ಮೊತ್ತಮೊದಲ ವಿಟೊ ಕೂಡ ಸೀಟು ಹಂಚಿಕೆಯ ಮಸೂದೆಯ ಮೇಲೆಯೇ.

ಆ ಮಸೂದೆಯ ಹಿಂದಿದ್ದದ್ದು ಹ್ಯಾಮಿಲ್ಟನ್ ವಿಧಾನ: ಮೊದಲು ಪೂರ್ಣಾಂಕದಷ್ಟು ಸೀಟು ಕೊಡಿ, ಮಿಕ್ಕವನ್ನು ದೊಡ್ಡ ಶೇಷ ಉಳಿದವರಿಗೆ ಹಂಚಿ. ಸರಳ, ಸುಭಗ. ಮುಂದೆ ಇದೇ ವಿಧಾನ ಜಾರಿಗೂ ಬಂತು. ಆದರೆ 1880ರ ಜನಗಣತಿಯ ಅಂಕಿಗಳನ್ನಿಟ್ಟು ಲೆಕ್ಕ ಹಾಕಿದಾಗ ಅಲಬಾಮಾಕ್ಕೆ 299 ಸದಸ್ಯರ ಸಭೆಯಲ್ಲಿ 8 ಸೀಟು ಬಂದರೆ, 300 ಸದಸ್ಯರ ಸಭೆಯಲ್ಲಿ ಬಂದದ್ದು 7! ಪಂಕ್ತಿಗೆ ಇನ್ನೊಂದು ಹೋಳಿಗೆ ಬಂತೆಂದು ಒಬ್ಬನ ಎಲೆಯಿಂದ ಹೋಳಿಗೆ ಎತ್ತಿಕೊಂಡ ಹಾಗೆ. ಸಭೆ ಹಿಗ್ಗಿದಾಗ ದೊಡ್ಡ ರಾಜ್ಯಗಳ ಪಾಲು ಬೇಗ ಬೆಳೆದು, ಅವುಗಳ ಶೇಷ ಅಲಬಾಮಾದ ಶೇಷವನ್ನು ಮೀರಿತ್ತು.

1941ರಿಂದ ಜಾರಿಯಲ್ಲಿರುವ ಹಂಟಿಂಗ್ಟನ್–ಹಿಲ್ ವಿಧಾನದಲ್ಲಿ ಈ ವಿಪರೀತವಿಲ್ಲ. ಎಲ್ಲ ರಾಜ್ಯಗಳ ಜನಸಂಖ್ಯೆಯನ್ನು ಒಂದೇ ಭಾಜಕದಿಂದ ಭಾಗಿಸಿ, ಬಂದದ್ದನ್ನು ಗುಣೋತ್ತರ ಸರಾಸರಿಯ (ಹಿಂದಿನ ಮತ್ತು ಮುಂದಿನ ಪೂರ್ಣಾಂಕಗಳ ಗುಣಲಬ್ಧದ ವರ್ಗಮೂಲದ) ಗಡಿಯಲ್ಲಿ ಏರಿಸುತ್ತಾರೆ ಇಲ್ಲವೇ ಇಳಿಸುತ್ತಾರೆ. ರಾಜ್ಯ ರಾಜ್ಯಗಳ ನಡುವಿನ ಸಾಪೇಕ್ಷ ಅಂತರ ಇದರಲ್ಲಿ ಅತಿ ಕಡಿಮೆ ಎಂಬುದು ಸಮರ್ಥಕರ ವಾದ. ಗಡಿಗಳನ್ನೇ ನೋಡಿ: ಎರಡನೆಯ ಸೀಟಿಗೆ 1.414 ದಾಟಿದರೆ ಸಾಕು, ಹದಿನೆಂಟನೆಯದಕ್ಕೆ 17.493 ದಾಟಬೇಕು. ಅಂದರೆ ತಕ್ಕಡಿ ತುಸು ಸಣ್ಣವರ ಕಡೆಗೇ ವಾಲಿದೆ. ಇದರ ಎದುರಾಳಿಯಾದ ವೆಬ್‌ಸ್ಟರ್ ವಿಧಾನದಲ್ಲಿ ಎಲ್ಲರಿಗೂ ಗಡಿ ಅರ್ಧವೇ. ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಸಮನಾಗಿ ಇಬ್ಬರಿರುವಾಗ, ಜನಸಂಖ್ಯೆಯನ್ನೇ ನೆಚ್ಚಿದ ಈ ಸಭೆಯಲ್ಲಿ ಸಣ್ಣ ರಾಜ್ಯಗಳಿಗೆ ಮತ್ತಷ್ಟು ರಿಯಾಯಿತಿ ಏಕೆ?

ಉತ್ತರ ಗಣಿತದಲ್ಲಿಲ್ಲ. 1941ರಲ್ಲಿ ಎರಡು ಸೂತ್ರಗಳ ನಡುವೆ ಇದ್ದ ವ್ಯತ್ಯಾಸ ಒಂದೇ ಸೀಟಿನದು. ವೆಬ್‌ಸ್ಟರ್ ಪ್ರಕಾರ ಅದು ಮಿಷಿಗನ್‌ಗೆ, ಹಿಲ್ ಪ್ರಕಾರ ಡೆಮಾಕ್ರಟರ ಭದ್ರಕೋಟೆಯಾಗಿದ್ದ ಅರ್ಕಾನ್ಸಾಸ್‌ಗೆ. ಬಹುಮತವಿದ್ದ ಡೆಮಾಕ್ರಟರಿಗೆ ಯಾವ ಸೂತ್ರ ರುಚಿಸಿತೆಂದು ಬೇರೆ ಹೇಳಬೇಕಿಲ್ಲ.

ಪೂರ್ಣ ನಿರ್ದೋಷ ಸೂತ್ರ ಸಾಧ್ಯವಿಲ್ಲವೆಂದು ಗಣಿತಜ್ಞರಾದ ಬಾಲಿನ್ಸ್‌ಕಿ ಮತ್ತು ಯಂಗ್ ಸಾಧಿಸಿ ತೋರಿಸಿದ್ದಾರೆ. ಅವರ ಒಲವೂ ವೆಬ್‌ಸ್ಟರ್ ಕಡೆಗೇ. ಆದರೂ 1941ರ ಕಾಯ್ದೆಗೆ ಒಂದು ಹಿರಿಮೆ ಸಲ್ಲಬೇಕು. 2020ರ ಜನಗಣತಿಯಲ್ಲಿ ಬರೇ 89 ಜನರ ಕೊರತೆಯಿಂದ ನ್ಯೂಯಾರ್ಕ್ ಒಂದು ಸೀಟು ಕಳೆದುಕೊಂಡಾಗ ಸೂತ್ರ ಬದಲಿಸುವ ಹಗ್ಗಜಗ್ಗಾಟ ನಡೆಯಲಿಲ್ಲ, ನಿಯಮ ಮೊದಲೇ ಇತ್ತು.

1971ರ ಜನಗಣತಿಯ ಆಧಾರದ ಮೇಲೆ 28 ಲೋಕಸಭಾ ಸ್ಥಾನ ಪಡೆದ ಕರ್ನಾಟಕದ ಓದುಗರಿಗೂ ಇದು ದೂರದ ಮಾತಲ್ಲ. ನಮ್ಮ ಸಂವಿಧಾನದ 81ನೇ ವಿಧಿ ಅನುಪಾತ ಸಾಧ್ಯವಾದ ಮಟ್ಟಿಗೆ ಸಮವಿರಲಿ ಎನ್ನುತ್ತದೆ, ಭಿನ್ನರಾಶಿಯನ್ನು ಏನು ಮಾಡಬೇಕೆಂದು ಹೇಳುವುದಿಲ್ಲ. ಸೀಟುಗಳ ಮರುಹಂಚಿಕೆಗೆ ಯಾವ ಜನಗಣತಿ ಎಂಬ ಜಗಳದ ಜೊತೆಗೆ ಯಾವ ಸೂತ್ರ ಎಂಬುದೂ ಇತ್ಯರ್ಥವಾಗಬೇಕು, ಅದೂ ಅಂಕಿಗಳು ಕೈಗೆ ಬರುವ ಮುನ್ನ. ಬಂದ ಮೇಲೆ ಆರಿಸಿದರೆ ಎಂಥ ಒಳ್ಳೆಯ ಸೂತ್ರವೂ ಗೆದ್ದವರ ಸೂತ್ರವೇ.