ಶಾಲೆಯ ಗೋಡೆಯೂ ಟೆಲಿ-ಮಾನಸವೂ

ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯದ ದೂರವಾಣಿ ಸೇವೆಯನ್ನು ಕುರಿತು ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಬಂದಿರುವ ಪ್ರಶಂಸೆಯನ್ನು ಓದಿದವರಿಗೆ, ಅದರ ವಿಷಯದಲ್ಲಿ ಒಂದು ಅಪಸ್ವರವನ್ನೆತ್ತುವುದೂ ಅಶಿಷ್ಟಾಚಾರವಾದೀತೆಂಬ ಸಂಕೋಚ ಹುಟ್ಟದಿರದು. 2022ರ ಕೇಂದ್ರ ಆಯವ್ಯಯದಲ್ಲಿ ಘೋಷಿತವಾಗಿ, ಅದೇ ವರ್ಷ ಅಕ್ಟೋಬರ್ 10ರಂದು ಆರಂಭಗೊಂಡು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ನಡೆಯುತ್ತ, 14416 ಎಂಬ ಐದಂಕಿಗಳನ್ನೊತ್ತಿದವರಿಗೆ ಹಗಲಿರುಳೆನ್ನದೆ 20 ಭಾಷೆಗಳಲ್ಲಿ ಓಗೊಡುತ್ತ, 2024ರೊಳಗಾಗಿ 10 ಲಕ್ಷಕ್ಕೂ ಮಿಕ್ಕ ಕರೆಗಳನ್ನು ಸ್ವೀಕರಿಸಿದ ಈ ಸೇವೆ, ನಿದ್ರೆ ಬಾರದ ನಡುವಯಸ್ಸಿನವನಿಗೂ ಬಾಣಂತನದಲ್ಲಿ ಮನಸ್ಸು ಕುಸಿದ ತಾಯಿಗೂ ಮಾಡಬಲ್ಲ ಉಪಕಾರವನ್ನು ನಾನು ಅಲ್ಲಗಳೆಯುವವನಲ್ಲ. ನನ್ನ ತಕರಾರು ಬೇರೆ. ಶಾಲೆಯ ಮಕ್ಕಳ ಮನಃಕ್ಲೇಶಕ್ಕೆ ಇದೇ ತಕ್ಕ ಪರಿಹಾರವೆಂದೂ, ಶಾಲೆಗೊಬ್ಬ ಮನೋವಿಜ್ಞಾನಿಯಿಲ್ಲದ ಕೊರತೆಯನ್ನು ಇದು ತುಂಬಿಕೊಟ್ಟಿತೆಂದೂ ಇದಕ್ಕೊಂದು ಕೀರ್ತಿಯನ್ನು ಕಟ್ಟಲಾಗಿದೆಯಷ್ಟೆ. ಆ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದ್ದೆಂದೂ, ಅದರ ಗದ್ದಲದಲ್ಲಿ ಇದಕ್ಕಿಂತ ಯೋಗ್ಯವಾದ ಕೆಲವು ಸಾಧನಗಳು ವಿಸ್ಮೃತಿಗೆ ಸಲ್ಲುತ್ತಿವೆಯೆಂದೂ ನನ್ನ ಪಕ್ಷ.

1998ರಿಂದ ನಡೆದುಬಂದಿರುವ ಸಿಬಿಎಸ್‌ಇ ಮಂಡಲಿಯ ಪರೀಕ್ಷಾಕಾಲದ ಸಮಾಲೋಚನೆ, 2020ರ ಜುಲೈಯಲ್ಲಿ ಮೊದಲಾದ ಮನೋದರ್ಪಣವೆಂಬ ವಿದ್ಯಾರ್ಥಿಗಳ ಮಾನಸಿಕ ನೆರವಿನ ಕಾರ್ಯಕ್ರಮ, ಬೆಂಗಳೂರಿನಲ್ಲಿಯೇ ಹುಟ್ಟಿ ಪರದೇಶಗಳಲ್ಲಿಯೂ ಮನ್ನಣೆ ಪಡೆದ ವೈಸಾ ಎಂಬ ಸಂಭಾಷಣಾಯಂತ್ರ, ಇವೆಲ್ಲ ಬಲ್ಲವರಿಗೆ ಹೊಸವಲ್ಲ. ಇವುಗಳ ಗುಣದೋಷಗಳೂ ಒಂದೇ ಜಾತಿಯವು. ಆದಕಾರಣ ಅವನ್ನು ಬಿಟ್ಟು ಒಂದು ಪಠ್ಯವನ್ನು ಹಿಡಿಯೋಣ.

2025ರ ಜುಲೈ 25ರಂದು, ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪ್ರವೇಶಪರೀಕ್ಷೆಗೆ ಓದುತ್ತಿದ್ದ ಬಾಲಿಕೆಯೊಬ್ಬಳ ಸಾವಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವು ದೇಶದ ವಿದ್ಯಾಸಂಸ್ಥೆಗಳಿಗೆಲ್ಲ 15 ಮಾರ್ಗಸೂಚಿಗಳನ್ನು ವಿಧಿಸಿತು. ಅವುಗಳಲ್ಲಿ ಎರಡನ್ನು ಪಕ್ಕಪಕ್ಕಕ್ಕಿಟ್ಟು ಓದಬೇಕು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯು ಮಕ್ಕಳ ಹಾಗೂ ಹದಿಹರೆಯದವರ ಮನಸ್ಸಿನ ವಿಷಯದಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕನನ್ನಾಗಲಿ ಮನೋವಿಜ್ಞಾನಿಯನ್ನಾಗಲಿ ಸಮಾಜಕಾರ್ಯಕರ್ತನನ್ನಾಗಲಿ ನೇಮಿಸಿಕೊಳ್ಳಬೇಕು, ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ವಿಧ್ಯುಕ್ತವಾದ ಸಂಬಂಧವಿರಿಸಿಕೊಳ್ಳಬೇಕು ಎಂಬುದೊಂದು. ಟೆಲಿ-ಮಾನಸ್ ಮೊದಲಾದ ಸಹಾಯವಾಣಿಗಳ ಸಂಖ್ಯೆಗಳನ್ನು ವಸತಿನಿಲಯ, ತರಗತಿ, ಪಡಸಾಲೆಗಳಲ್ಲಿ ದೊಡ್ಡದಾದ, ಸುಲಭವಾಗಿ ಓದಬಹುದಾದ ಅಕ್ಷರಗಳಲ್ಲಿ ಪ್ರದರ್ಶಿಸಬೇಕು ಎಂಬುದಿನ್ನೊಂದು. ಎರಡೂ ಒಂದೇ ಆಜ್ಞೆಯೊಳಗೆ ಸಮಾನಸ್ಕಂಧವಾಗಿ ನಿಂತಿವೆ. ಆದರೆ ಮೊದಲನೆಯದನ್ನು ಪಾಲಿಸಬೇಕಾದರೆ ಹುದ್ದೆ ಮಂಜೂರಾಗಬೇಕು, ವೇತನಶ್ರೇಣಿ ಗೊತ್ತಾಗಬೇಕು, ಅರ್ಹರು ದೊರೆಯಬೇಕು, ದೊರೆತವರು ತಾಲೂಕಿನ ಮೂಲೆಗೆ ಬಂದು ನೆಲೆನಿಲ್ಲಬೇಕು. ಎರಡನೆಯದನ್ನು ಪಾಲಿಸಲು ಒಂದು ಡಬ್ಬಿ ಬಣ್ಣವೂ ಅರ್ಧ ದಿನದ ಕೂಲಿಯೂ ಸಾಕು. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಸಮಾಲೋಚಕನ ಖಾಯಂ ಹುದ್ದೆಯೆಂಬುದು ಸಾಮಾನ್ಯವಾಗಿ ಇಲ್ಲದಿರುವಾಗ, ಇವೆರಡರಲ್ಲಿ ಯಾವುದು ಮೊದಲು ನೆರವೇರೀತೆಂಬುದನ್ನು ಹೇಳಲು ಜ್ಯೋತಿಷ್ಯ ಬೇಕಿಲ್ಲ.

ಇನ್ನೂ ಸ್ವಲ್ಪ ನಿಂತು ನೋಡಿದರೆ ಎರಡನೆಯ ವಿಧಿಯ ರಚನೆಯಲ್ಲಿಯೇ ಒಂದು ವೈಚಿತ್ರ್ಯ ಕಾಣುತ್ತದೆ. ಅದರಲ್ಲಿ ಸಂಸ್ಥೆಯಿದೆ, ಸಂಖ್ಯೆಯಿದೆ, ಗೋಡೆಯಿದೆ, ಅಕ್ಷರದ ಗಾತ್ರವೂ ಇದೆ. ಮಗು ಮಾತ್ರ ಇಲ್ಲ. ತಪಾಸಣೆಗೆ ಬಂದ ಅಧಿಕಾರಿ ಅಕ್ಷರ ದೊಡ್ಡದೋ ಚಿಕ್ಕದೋ ಎಂಬುದನ್ನು ಬಾಗಿಲಲ್ಲೇ ನಿಂತು ನಿರ್ಣಯಿಸಬಲ್ಲನು. ಅದನ್ನು ಯಾವ ಮಗು ಓದಿತು, ಓದಿ ಏನು ಮಾಡಿತು, ಏನು ಮಾಡಲಾರದೆ ಹೋಯಿತು ಎಂಬುದು ಆತನ ನಮೂನೆಯ ಯಾವ ಅಂಕಣಕ್ಕೂ ಸೇರದು. ನ್ಯಾಯಮೂರ್ತಿಗಳ ಸದಾಶಯವನ್ನು ನಾನು ಶಂಕಿಸುತ್ತಿಲ್ಲ. ಸುಲಭವಾದ ಕರ್ತವ್ಯವನ್ನೂ ಕಠಿನವಾದ ಕರ್ತವ್ಯವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದಾಗ ಸುಲಭವಾದದ್ದು ತಾನೇ ಎರಡರ ಹೆಸರಿನಲ್ಲಿಯೂ ಊಟ ಮಾಡಿ ಏಳುವುದೆಂಬುದು ಕಚೇರಿಗಳ ವ್ಯವಹಾರವನ್ನು ಬಲ್ಲ ಯಾರಿಗೂ ಅಪರಿಚಿತವಲ್ಲ.

ಆ ಮಗುವನ್ನು ನಾವಾದರೂ ಊಹಿಸಿಕೊಳ್ಳೋಣ. ವಿಜಯಪುರದಿಂದ ಪಶ್ಚಿಮಕ್ಕೆ, ತಿಕೋಟಾ ತಾಲೂಕಿನ ಬಿಜ್ಜರಗಿಯ ಆಸುಪಾಸಿನಲ್ಲಿ, ಒಂಬತ್ತನೆಯ ಇಯತ್ತೆಯಲ್ಲಿ ಓದುವ ಹುಡುಗಿ. ಈ ಸೀಮೆಯ ತಾಂಡಾಗಳ ಎಷ್ಟೋ ಕುಟುಂಬಗಳಂತೆ ಅವಳ ತಾಯಿತಂದೆಯರೂ ಮುಕಾದಮನ ಮುಂಗಡಕ್ಕೆ ಕಟ್ಟುಬಿದ್ದು ದೀಪಾವಳಿಯ ಹೊತ್ತಿಗೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋದವರು ಬೇಸಿಗೆಗೆ ಮರಳಬೇಕು. ಮನೆಯಲ್ಲಿ ಮುದುಕಿ ಆಯಿ, ಇಬ್ಬರು ತಮ್ಮಂದಿರು. ಮನೆಗಿರುವ ಒಂದೇ ಫೋನು ಅಣ್ಣನ ಕಿಸೆಯಲ್ಲಿ, ಅಣ್ಣನೋ ದ್ರಾಕ್ಷಿಯ ತೋಟದಲ್ಲಿ. ಎರಡು ತಿಂಗಳಿಂದ ಅವಳಿಗೆ ನಿದ್ರೆಯಿಲ್ಲ, ಅನ್ನ ಸೇರದು, ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಬಾಯಿ ಬಿಡಳು. ಗೋಡೆಯ ಮೇಲಿನ ಸಂಖ್ಯೆ ಇವಳಿಂದ ಏನೇನನ್ನು ಬೇಡುತ್ತದೆಂಬುದನ್ನು ಎಣಿಸಿ ನೋಡಿ: ತನಗಾಗಿರುವುದು ಸೋಮಾರಿತನವಲ್ಲ, ಹೇಳಿಕೊಳ್ಳತಕ್ಕ ಒಂದು ವ್ಯಥೆ ಎಂದು ತಾನೇ ನಿದಾನಿಸಬೇಕು; ಅಣ್ಣನಿಂದ ಫೋನನ್ನು ಕಾರಣ ಹೇಳದೆ ಪಡೆಯಬೇಕು; ಯಾರೂ ಕೇಳದ ಜಾಗವನ್ನು ಒಂದೆರಡು ಕೋಣೆಯ ಮನೆಯಲ್ಲಿ ಹುಡುಕಬೇಕು; ಎಂದೂ ಕಾಣದ ದನಿಗೆ ಮನಸ್ಸನ್ನು ಬಿಚ್ಚಬೇಕು; ಕಡೆಗೆ ಕರೆಗಳ ಪಟ್ಟಿಯಲ್ಲಿ ಉಳಿಯುವ ಆ ಐದಂಕಿಗಳನ್ನು ಅಳಿಸಲು ಮರೆಯಬಾರದು. ಇವುಗಳಲ್ಲಿ ಒಂದೊಂದೂ ಪ್ರತ್ಯೇಕವಾಗಿ ಸಾಧ್ಯ. ಆದರೆ ವಿಷಾದವೆಂಬ ವ್ಯಾಧಿಯು ಯಾವ ಚೈತನ್ಯವನ್ನು ಎಲ್ಲಕ್ಕಿಂತ ಮೊದಲು ಅಪಹರಿಸುತ್ತದೆಯೋ, ಎದ್ದು ಹೋಗಿ ಕೇಳುವ ಆ ಚೈತನ್ಯವನ್ನೇ ಚಿಕಿತ್ಸೆಯ ಬಾಗಿಲಲ್ಲಿ ಶುಲ್ಕವಾಗಿ ಬೇಡುವ ವ್ಯವಸ್ಥೆಯನ್ನು ವಿದ್ಯಾರ್ಥಿಗಳಿಗೆ ಸರ್ವಸುಲಭವೆಂದು ವರ್ಣಿಸುವುದು ಹೇಗೆ ಯುಕ್ತವಾದೀತು? ಬಾವಿ ತೋಡಿಟ್ಟವರು ಹಗ್ಗವನ್ನೂ ಕೊಡವನ್ನೂ ಬಾಯಾರಿದವನೇ ತರಲೆಂದಂತಾಯಿತು.

ಫೋನು ಈಗ ಮನೆಮನೆಯಲ್ಲಿದೆ ಎಂಬ ಸಮಾಧಾನವನ್ನು ಪರೀಕ್ಷಿಸದೆ ಒಪ್ಪಲಾಗದು. ಗ್ರಾಮೀಣ ಭಾರತದ 14ರಿಂದ 18ರ ವಯಸ್ಸಿನವರನ್ನು ಕುರಿತ 2023ರ ಅಸರ್ ವರದಿಯ ಪ್ರಕಾರ ಸುಮಾರು ಶೇಕಡಾ 90 ಮಂದಿಯ ಮನೆಗಳಲ್ಲಿ ಸ್ಮಾರ್ಟ್‌ಫೋನು ಇರುವುದು ದಿಟ. ಆದರೆ ಅದನ್ನು ಬಳಸಬಲ್ಲವರ ಪೈಕಿ ಸ್ವಂತ ಫೋನುಳ್ಳ ಹುಡುಗರು ನೂರಕ್ಕೆ 43.7, ಹುಡುಗಿಯರು 19.8. ಮನೆಯಲ್ಲಿರುವ ಫೋನು ಬೇರೆ, ಮಗುವಿನ ಏಕಾಂತದಲ್ಲಿರುವ ಫೋನು ಬೇರೆ. ಅದಿರಲಿ, ಕರೆ ಮುಟ್ಟಿತೆಂದೇ ಇಟ್ಟುಕೊಳ್ಳೋಣ. ಸಾಂತ್ವನದ ಮಾತಿನಾಚೆಗೆ ಚಿಕಿತ್ಸೆಯೆಂಬ ಹೆಜ್ಜೆಯಿಡಬೇಕಾದಾಗ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯಂತೆ ಅಪ್ರಾಪ್ತವಯಸ್ಕರ ವಿಷಯ ಹೆತ್ತವರ ಬಳಿಗೇ ಹೋಗಬೇಕು, ಮತ್ತು ಆ ಹೆತ್ತವರು ಕಬ್ಬಿನ ಗದ್ದೆಯಲ್ಲಿದ್ದಾರೆ. ಅವರನ್ನು ಬಲ್ಲವನು, ಅವರು ಮರಳುವ ದಿನವನ್ನು ಬಲ್ಲವನು, ಅವರೊಡನೆ ಸಲುಗೆಯಿಂದ ಮಾತಾಡಬಲ್ಲವನು ಊರ ಶಾಲೆಯ ಮಾಸ್ತರ.

ಶಾಲೆಯ ಮನೋವಿಜ್ಞಾನಿ ಎಂಬಾತನ ವೃತ್ತಿಯ ಮರ್ಮವೇ ಈ ದಿಕ್ಕಿನಲ್ಲಿದೆ. ಕರೆದವರಿಗೆ ಓಗೊಡುವುದು ಆತನ ಕೆಲಸದ ಅರ್ಧ. ಕರೆಯದವರನ್ನು ಕಂಡುಕೊಳ್ಳುವುದು ಉಳಿದ ಅರ್ಧ, ಮತ್ತು ಅದೇ ಗುರುತರವಾದದ್ದು. ಹಾಜರಿ ಪಟ್ಟಿಯಲ್ಲಿ ಸೋಮವಾರಗಳು ಖಾಲಿಯಾಗುತ್ತಿರುವುದು, ಮುಂದಿನ ಸಾಲಿನ ಮಗು ಹಿಂದಿನ ಸಾಲಿಗೆ ಸರಿದದ್ದು, ತಲೆನೋವಿನ ನೆವ ವಾರಕ್ಕೆ ಮೂರಾದದ್ದು, ಇವು ಆತನ ಪಠ್ಯ. ಹದಿಮೂರರಿಂದ ಹದಿನೇಳರ ಮಕ್ಕಳಲ್ಲಿ ನೂರಕ್ಕೆ 7.3 ಮಂದಿಗೆ ಮನೋವ್ಯಾಧಿಯಿದೆಯೆಂದು 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಬಲ್ಲದ್ದಾದದ್ದು ಅದರ ಕಾರ್ಯಕರ್ತರು ಮನೆಗಳ ಬಾಗಿಲಿಗೆ ನಡೆದುಹೋಗಿ ಕೇಳಿದ್ದರಿಂದ. ಕರೆ ಬರಲೆಂದು ಕಾದಿದ್ದರೆ ಆ ಸಂಖ್ಯೆ ಎಂದಿಗೂ ಹೊರಬೀಳುತ್ತಿರಲಿಲ್ಲ.

ಇಷ್ಟನ್ನು ಹೇಳಿದಾಗ ನನ್ನ ಕಡೆಗೆ ಕೈಚಾಚಿ ಬರುವ ಒಂದು ವರ್ಗದ ವಿಮರ್ಶಕರಿದ್ದಾರೆ. ಅವರ ಸ್ನೇಹವನ್ನು ನಾನು ಸ್ವೀಕರಿಸಲಾರೆ. ಮೊಬೈಲೇ ಮಕ್ಕಳ ರೋಗವೆಂದೂ, ಸತ್ಸಂಗವೂ ಅವಿಭಕ್ತ ಕುಟುಂಬವೂ ಇದ್ದ ನಾಡಿನಲ್ಲಿ ಮನೋವಿಜ್ಞಾನಿಯೆಂಬವನು ಅನವಶ್ಯಕವೆಂದೂ ಇವರ ವಾದ. ಬಿಜ್ಜರಗಿಯ ಹೆಸರೆತ್ತಿದರಂತೂ ಇವರಿಗೆ ಆಯುಧವೇ ದೊರೆತಂತೆ; ಅದು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಹುಟ್ಟಿದ ಊರಲ್ಲವೆ! 2023ರ ಜನವರಿ 2ರಂದು ಅವರು ದೇಹವನ್ನು ಬಿಟ್ಟಾಗ ವಿಜಯಪುರದಲ್ಲಿ ನೆರೆದ ಲಕ್ಷಾಂತರ ಜನರ ಮೌನವನ್ನು ನೆನೆದರೆ, ಆ ವಾಣಿಯು ಎಷ್ಟು ಚಿತ್ತಗಳನ್ನು ಶಾಂತಗೊಳಿಸಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಆದರೆ ಈ ವಿಮರ್ಶಕರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಪ್ರವಚನದಲ್ಲಿ ಒಬ್ಬರು ನುಡಿದು ಸಾವಿರ ಜನ ಕೇಳುತ್ತಾರೆ; ಸಮಾಲೋಚನೆಯಲ್ಲಿ ಒಂದು ಮಗು ನುಡಿದು ಒಬ್ಬರು ಕೇಳಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡದು, ಮಾಡುವುದೆಂದು ಸ್ವಾಮಿಗಳೂ ಹೇಳಿದವರಲ್ಲ. ಎರಡನೆಯದಾಗಿ, ಇಂದು ಆ ಪ್ರವಚನಗಳು ಹಳ್ಳಿಯ ಮನೆಗಳಲ್ಲಿ ಬೆಳಗಿನ ಜಾವ ಕೇಳಿಬರುತ್ತಿರುವುದು ಯಾವುದರಿಂದ? ಇವರು ಶಪಿಸುವ ಆ ಮೊಬೈಲಿನಿಂದಲೇ. ಯಂತ್ರವನ್ನು ಸದ್ಗುಣಿಯೆಂದು ಹೊಗಳುವವರೂ ದುರ್ಗುಣಿಯೆಂದು ಬೈಯುವವರೂ ಅದು ಯಾರ ಕೈಯಲ್ಲಿದ್ದು ಯಾರ ಕಡೆಗೆ ತಿರುಗಿದೆಯೆಂದು ಮಾತ್ರ ಕೇಳುವುದಿಲ್ಲ.

ಇನ್ನು ಉಪೇಕ್ಷಿತವಾದದ್ದರ ಮಾತು. ಯಂತ್ರವೆಂದರೆ ವಿದ್ಯುತ್ತಿನಿಂದ ನಡೆಯುವುದೇ ಆಗಬೇಕಿಲ್ಲವೆಂದು ಒಪ್ಪುವುದಾದರೆ, ನಮ್ಮ ಭಾಗದಲ್ಲಿ ಶಾಲಾ ಮನೋವಿಜ್ಞಾನಿಗೆ ದೊರೆತ ಅತ್ಯುತ್ತಮ ಸಾಧನ ಸಿದ್ಧವಾದದ್ದು ಧಾರವಾಡದ ಸೀಮೆಯಲ್ಲಿ, 1930ರ ದಶಕದಲ್ಲಿ. ವಿ. ವಿ. ಕಾಮತರು ಫ್ರೆಂಚ್ ಮನೋವಿಜ್ಞಾನಿ ಬಿನೆಯ ಬುದ್ಧಿಮಾಪನ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಪರಿಷ್ಕರಿಸಿ, ಸಾವಿರಕ್ಕೂ ಮಿಕ್ಕ ಮಕ್ಕಳ ಮೇಲೆ ಪ್ರಯೋಗಿಸಿ, 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 1940ರಲ್ಲಿ ಅದು ಗ್ರಂಥರೂಪವನ್ನು ತಾಳಿತು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ಈಗಲೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಹೀಗಿದ್ದೂ ಆಧುನಿಕ ಮನೋಭಾವದ ಲೇಖಕರು ಇದನ್ನು ಕಂಡರೆ ಮೂಗುಮುರಿಯುವುದು ಪದ್ಧತಿಯಾಗಿದೆ. ಅದು ಪರಕೀಯರ ಅಳತೆಗೋಲಂತೆ. ಮಕ್ಕಳ ಹಣೆಗೆ ಅಂಕದ ಪಟ್ಟಿ ಕಟ್ಟುವುದಂತೆ. ಅದರ ಮಾನಗಳು ಅಜ್ಜಂದಿರ ಕಾಲದವಂತೆ. ಕಡೆಯ ಆಕ್ಷೇಪ ನ್ಯಾಯವಾದದ್ದು: ಒಂಬತ್ತು ದಶಕಗಳ ಹಿಂದಿನ ಮಕ್ಕಳನ್ನು ನೋಡಿ ಗೊತ್ತುಮಾಡಿದ ಮಾನಗಳಿಂದ ಇಂದಿನ ಮಕ್ಕಳನ್ನು ಅಳೆಯುವುದು ಶಾಸ್ತ್ರಸಮ್ಮತವಲ್ಲ, ಮಾತಿನ ಚಾತುರ್ಯಕ್ಕೆ ಅದು ಕೊಡುವ ಪ್ರಾಶಸ್ತ್ಯವೂ ಅತಿಯಾದದ್ದು. ಮೊದಲೆರಡು ಆಕ್ಷೇಪಗಳನ್ನು ಮಾತ್ರ ನಾನು ಒಪ್ಪಲಾರೆ. ಪರಕೀಯವೆಂದು ಬಿನೆಯನ್ನು ಬಿಡುವವರು ಕ್ಯಾಲಿಫೋರ್ನಿಯಾದಿಂದ ಬಂದ ಆ್ಯಪನ್ನು ಸ್ವಕೀಯವೆಂದು ಅಪ್ಪಿಕೊಳ್ಳುವುದು ಯಾವ ಸ್ವದೇಶಾಭಿಮಾನ? ಹಣೆಪಟ್ಟಿಯ ವಿಷಯವೋ, ಅದು ಶಾಲೆಯಲ್ಲಿ ಮೊದಲೇ ಕಟ್ಟಿರುತ್ತದೆ. ‘ದಡ್ಡ’ ಎಂಬ ಎರಡಕ್ಷರದ ಆ ಪಟ್ಟಿಯನ್ನು ಬಿಚ್ಚಲು ಶಕ್ತವಾದ ಸಾಧನಗಳಲ್ಲಿ ಇದೂ ಒಂದು. ತರಗತಿಯಲ್ಲಿ ಬಾಯಿಬಿಡದ ನಮ್ಮ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಚಿತ್ರ ತೋರಿಸಿ ಹೇಳಿಸಿ, ಅಂಕಿಗಳನ್ನು ಕೇಳಿದ ಕ್ರಮದಲ್ಲೇ ಮರುನುಡಿಸಿ, ಅವಳ ಬುದ್ಧಿ ವಯಸ್ಸಿಗೆ ತಕ್ಕದ್ದೇ ಅಥವಾ ಮಿಗಿಲಾದದ್ದೇ ಎಂದು ಕಂಡುಬಂದರೆ, ಹಾಗಾದರೆ ಅಂಕಗಳು ಏಕೆ ಕುಸಿದವು ಎಂಬ ಪ್ರಶ್ನೆ ಅನಿವಾರ್ಯವಾಗಿ ಏಳುತ್ತದೆ. ಅವಳು ಕೇಳಲಾರದ ಪ್ರಶ್ನೆಯನ್ನು ಅವಳ ಪರವಾಗಿ ಸಾಧನವೇ ಕೇಳಿಸುತ್ತದೆ. ಇದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ: ಕಾಮತರ ಪರೀಕ್ಷಾಸಾಮಗ್ರಿಯ ಪೆಟ್ಟಿಗೆ ತನ್ನಷ್ಟಕ್ಕೆ ನಿಷ್ಕ್ರಿಯ. ಬಲ್ಲವನೊಬ್ಬನು ಒಂದು ಮಗುವಿನೆದುರು ಒಂದು ಗಂಟೆ ಕೂತಲ್ಲದೆ ಅದು ಏನನ್ನೂ ಹೇಳದು. ಮನೋವಿಜ್ಞಾನಿಯ ಕಣ್ಣನ್ನು ಅದು ಹರಿತಗೊಳಿಸುತ್ತದೆಯೇ ಹೊರತು ಆತನನ್ನು ಕೆಲಸದಿಂದ ಬಿಡಿಸುವುದಿಲ್ಲ.

ದೂರಸಂಪರ್ಕದ ಯಂತ್ರಗಳಿಗೂ ಈ ಗುಣ ಅಸಾಧ್ಯವೇನಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಬಿತ್ತರಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನ ಮನೋವಿಜ್ಞಾನದ ಪ್ರಾಧ್ಯಾಪಕರೆಂಬುದನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬಾರದು. ಸಮೀಪದ ಉದಾಹರಣೆ ಬೇಕೆಂದರೆ ನಿಮ್ಹಾನ್ಸಿನದೇ ಇದೆ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಲು ಕಲಿಸಿದ ಪ್ರಯೋಗವೂ, ಶ್ರೀಕಲಾ ಭರತ್ ಮತ್ತು ಕೆ. ವಿ. ಕಿಶೋರ್ ಕುಮಾರ್ ಅವರು ಶಿಕ್ಷಕರ ಮೂಲಕವೇ ನಡೆಯುವಂತೆ ರೂಪಿಸಿದ ಜೀವನಕೌಶಲ ಶಿಕ್ಷಣವೂ, 2014ರಿಂದ ತಜ್ಞರನ್ನೂ ದೂರದೂರಿನ ಕಾರ್ಯಕರ್ತರನ್ನೂ ದೃಶ್ಯಸಂಪರ್ಕದಲ್ಲಿ ಕೂರಿಸಿ, ಒಬ್ಬ ರೋಗಿಯ ವೃತ್ತಾಂತವನ್ನು ಹೆಸರಿಲ್ಲದೆ ಮುಂದಿಟ್ಟು ಚರ್ಚಿಸುವ ಎಕೋ ಪದ್ಧತಿಯೂ ಒಂದೇ ಬುದ್ಧಿಯಿಂದ ಹೊರಟವು: ಸಹಾಯ ಬೇಕಾದವನ ಪಕ್ಕದಲ್ಲಿರುವವನಿಗೆ ಸಹಾಯ ಮಾಡುವುದು. ಟೆಲಿ-ಮಾನಸ್ ಹುಟ್ಟಿದ ಸಂಸ್ಥೆಯಲ್ಲಿಯೇ ಅದಕ್ಕಿಂತ ಸೂಕ್ಷ್ಮವಾದ ಈ ಪರಂಪರೆಯಿದ್ದೂ, ಕರೆಗಳ ಲೆಕ್ಕವನ್ನು ಬರೆಯುವ ಪತ್ರಿಕೆಗಳು ಇದರ ಕಡೆ ತಿರುಗಿ ನೋಡುವುದಿಲ್ಲ. ಇಲ್ಲಿ ಲಕ್ಷಗಳ ಎಣಿಕೆಯಿಲ್ಲ, ಪ್ರಾಯಶಃ ಅದಕ್ಕೇ.

ತಿಕೋಟಾ, ಬಬಲೇಶ್ವರ ತಾಲೂಕುಗಳ ಪ್ರೌಢಶಾಲೆಗಳಿಂದ ಒಬ್ಬೊಬ್ಬ ಮಾಸ್ತರರೋ ಅಕ್ಕೋರೋ ವಾರಕ್ಕೊಂದು ಗಂಟೆ ವಿಜಯಪುರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಜ್ಞರೊಡನೆ ದೃಶ್ಯಸಂಪರ್ಕದಲ್ಲಿ ಕುಳಿತು ತಮ್ಮ ತರಗತಿಯ ಮೌನಿಗಳನ್ನು ಕುರಿತು ಮಾತಾಡುವಂತಾದರೆ, ಧಾರವಾಡದ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವು ಕಾಮತರ ಪರೀಕ್ಷೆಗೆ ಈ ಕಾಲದ ಮಕ್ಕಳ ಮಾನಗಳನ್ನು ಹೊಸದಾಗಿ ಗೊತ್ತುಮಾಡಿಕೊಟ್ಟರೆ, ತಂತ್ರಜ್ಞಾನವು ಶಾಲೆಗೆ ನೆರವಾಯಿತೆನ್ನಲು ನನಗೂ ಅಡ್ಡಿಯಿಲ್ಲ. ಬಿಸಿಯೂಟ, ಚುನಾವಣೆ, ಗಣತಿಗಳ ನಡುವೆ ಶಿಕ್ಷಕರಿಗೆ ಪುರಸತ್ತೆಲ್ಲಿ ಎಂಬ ಆಕ್ಷೇಪ ಬರುವುದನ್ನು ಬಲ್ಲೆ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಇದೇ ಶಿಕ್ಷಕರ ಕೈಗೆ 60 ಪ್ರಶ್ನೆಗಳ ಆ್ಯಪನ್ನು ಕೊಟ್ಟು, ದಸರೆಯ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಿ, ರಾಜ್ಯದ ಮನೆಮನೆಯ ಬಾಗಿಲಿಗೆ ಅವರನ್ನು ಕಳುಹಿಸಿದ ಸರ್ಕಾರದ ಬಾಯಲ್ಲಿ ಆ ಆಕ್ಷೇಪ ಅಷ್ಟೇನೂ ಶೋಭಿಸದು.